ನಾಲ್ಕು ತಾಲ್ಲೂಕು ಸುತ್ತಿದರೂ ಮುಗಿಯದ ಹಾಡು

ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ವ್ಯಾ... ವ್ಯಾನ್? ಅಲ್ಲ, ವ್ಯಾನು ನಾವು ಓಡಾಡುತ್ತಿದ್ದ ಗಾಡಿ. ಪಂಪು? ಅದು ತೋಟದ್ದು. ವಕಾರದಲ್ಲೇ ಶುರುವಾಗುತ್ತಿತ್ತು, ಅಷ್ಟು ಖಂಡಿತ. ಹಾಡು ಮುಗಿಯುವ ಹೊತ್ತಿಗೆ ಒಂದೇ ಮಾತನ್ನು ಸುತ್ತಿ ಸುತ್ತಿ ಹಾಡಬೇಕು, ಡ್ರಮ್ಮು ಗಿಟಾರು ಎಲ್ಲ ಕೊತಕೊತ ಕುದಿಯಬೇಕು, ಹಾಡುವವಳು ಕೂಗಿ ಕೇಳಬೇಕು, ಜನ ಕೂಗಿ ಉತ್ತರ ಕೊಡಬೇಕು. ಆ ಭಾಗಕ್ಕೆ ನಮ್ಮ ಮೇಷ್ಟ್ರು ಏನೋ ಒಂದು ಹೆಸರು ಹೇಳುತ್ತಿದ್ದರು. ನಾಲಿಗೆ ತುದಿಯಲ್ಲಿ ಕೂತಿದೆ, ಇಳಿಯುತ್ತಿಲ್ಲ. ಹೋಗಲಿ. ನಾವೆಲ್ಲ ಅದನ್ನು ಬಾಲ ಎನ್ನುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಯಿಂದ ಏಳು ವರ್ಷ ನಾನು ಮಧುಗಿರಿಯ ಒಂದು ವಾದ್ಯಗೋಷ್ಠಿಯ ಮುಖ್ಯ ಗಾಯಕಿ. ಜಬಲ್ಪುರಕ್ಕೆ ಬಂದು ನಲವತ್ತು ವರ್ಷ ಆಗುತ್ತಾ ಬಂತು. ಇಲ್ಲಿ ಈ ಮಾತು ಹೇಳಿದರೆ ಭಜನೆ ಮಂಡಳಿ ಎಂದುಕೊಂಡು ಕೈ ಮುಗಿಯುತ್ತಾರೆ. ಭಜನೆಯಲ್ಲ. ಗೋಷ್ಠಿ ಕಟ್ಟಿದವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಕೋಲಾರದ ಚಿನ್ನದ ಗಣಿಯ ಕಾಲೋನಿಯಲ್ಲಿ ಹುಟ್ಟಿ, ಅಲ್ಲಿನ ಕ್ಲಬ್ಬಿನ ಕಿಟಕಿಯಾಚೆ ನಿಂತು ವಿಲಾಯಿತಿ ರೆಕಾರ್ಡು ಕೇಳಿ ಬೆಳೆದವರು. ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದರು. "ನೋಡಮ್ಮ, ಇದು ಫಂಕು, ಇದು ಸೋಲ್, ಎರಡೂ ಅಮೆರಿಕದ ಹಾಡಿನ ವರಸೆ. ಇದನ್ನ ಗಂಟಲಿಂದ ಹಾಡಬಾರದು, ಹೊಟ್ಟೆಯಿಂದ ಹಾಡಬೇಕು" ಎಂದು ನನಗೆ ಪಾಠ ಹೇಳಿದವರು. ಡ್ರಮ್ಮಿಗೆ ಶಿರಾದ ದರ್ಜಿ ಸಾಬರು. ಹಗಲೆಲ್ಲ ಹೊಲಿಗೆ ಮಿಷನ್ನು ತುಳಿದು ಅವರ ಕಾಲು ಎಷ್ಟು ಪಳಗಿತ್ತೆಂದರೆ, ದೊಡ್ಡ ಡ್ರಮ್ಮಿನ ಪೆಡಲಿನ ಮೇಲೆ ಇಟ್ಟ ಕಾಲು ಹಾಡು ನಿಂತ ಮೇಲೂ ಒಂದು ಗಜ ಹೊಲಿದೇ ನಿಲ್ಲುತ್ತಿತ್ತು. ಹಾರ್ಮೋನಿಯಂ ನುಡಿಸುವವರು ವರ್ಷಕ್ಕೊಬ್ಬರು ಬದಲಾಗುತ್ತಿದ್ದರು. ಇನ್ನು ನಮ್ಮ ಸೋದರತ್ತೆ. ನಾನು ಎಲ್ಲಿ ಹಾಡಿದರೂ ಅತ್ತೆ ಅದೇ ಸ್ಟೇಜಿನ ಮೇಲೆ ಇರತಕ್ಕದ್ದು ಎಂಬುದು ಅಪ್ಪನ ಷರತ್ತು. ಹಾಗಾಗಿ ಅತ್ತೆ ಎಲೆಅಡಿಕೆ ಚೀಲ ಹಿಡಿದು ನನ್ನ ಬೆನ್ನ ಹಿಂದೆ ಒಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಎಷ್ಟೋ ಊರಲ್ಲಿ ಜನ ಅವರನ್ನೇ ಯಜಮಾನಿ ಎಂದುಕೊಂಡು ಮೊದಲ ಹಾರ ಅವರಿಗೇ ಹಾಕಿದ್ದುಂಟು.

ಸಿನಿಮಾ ಹಾಡು ಎಲ್ಲರೂ ಹಾಡುತ್ತಿದ್ದರು, ನಾವೂ ಹಾಡುತ್ತಿದ್ದೆವು. ಆದರೆ ಮೇಷ್ಟ್ರು ನನಗೆಂದೇ ಒಂದು ಹಾಡು ಕಟ್ಟಿದ್ದರು:

ಬಿಸಿಲಿಗೆ ಬೆಟ್ಟ ಕಾದೈತೆ
ನನ್ನೆದೆ ಅದಕಿಂತ ಕಾದೈತೆ

ಎರಡು ಚರಣ, ಆಮೇಲೆ ಬಾಲ. ಬಾಲದಲ್ಲಿ ನಾನು "ಸಾಕಾ?" ಎಂದು ಕೂಗಬೇಕು, ಜನ "ಸಾಲ್ದು!" ಎನ್ನಬೇಕು. ಹಾಗೇ ಸುತ್ತು ಏರುತ್ತಾ ಹೋಗಿ, ನಾನು ಕೈ ಎತ್ತಿದೊಡನೆ ಎಲ್ಲವೂ ಗಕ್ಕನೆ ನಿಂತು, ಒಂದು ಉಸಿರಿನಷ್ಟು ಮೌನ, ಆಮೇಲೆ ಡ್ರಮ್ಮಿಗೆ ಒಂದೇ ಒಂದು ಪೆಟ್ಟು. ಅಲ್ಲಿಗೆ ಮುಕ್ತಾಯ. ಅಭ್ಯಾಸದ ಕೋಣೆಯಲ್ಲಿ ನೂರು ಸಲ ಹಾಡಿದ್ದೆ. ಜನರ ಮುಂದೆ ಒಮ್ಮೆ, ಒಂದೇ ಒಮ್ಮೆ, ಬಾಲದ ಸಮೇತ ಹಾಡಬೇಕು ಎಂಬುದು ನನ್ನ ಆಸೆ. ದೊಡ್ಡ ಆಸೆಯೇನಲ್ಲ. ಆದರೂ ಏಳು ವರ್ಷ ಏನಾದರೂ ಒಂದು ಆಗುತ್ತಲೇ ಇತ್ತು.

ಅತ್ತೆಯ ಉತ್ತರ

ಮೊದಲ ಸಲ ಅದನ್ನು ಹಾಡಿದ್ದು ಮಧುಗಿರಿಯಲ್ಲೇ, ಗಣೇಶನ ಪೆಂಡಾಲಿನಲ್ಲಿ. ಚರಣ ಎರಡೂ ಚೆನ್ನಾಗಿ ಹೋದವು. ಬಾಲಕ್ಕೆ ಬಂದೆ. ಮುಂದಕ್ಕೆ ಬಾಗಿ, ಕೈ ಚಾಚಿ, ಹೊಟ್ಟೆಯಿಂದಲೇ "ಸಾಕಾ?" ಎಂದೆ.

ಜನ ತೆಪ್ಪಗಾದರು. ಹಾಡುವವರು ತಮ್ಮನ್ನು ಒಂದು ಮಾತು ಕೇಳಬಹುದು ಎಂದು ಅವರು ಅಂದುಕೊಂಡೇ ಇರಲಿಲ್ಲ. ಆ ಮೌನದಲ್ಲಿ ಹಾರ್ಮೋನಿಯಮ್ಮಿನ ಮೈಕಿನಿಂದ ಅತ್ತೆಯ ದನಿ ನಾಲ್ಕೂ ದಿಕ್ಕಿಗೆ ಕೇಳಿತು:

"ಸಾಕು ಕಣೇ, ಬಾ. ಗಂಟ್ಲು ಹರ್ಕೊಂಡು ಸಾಯ್ತೀಯಾ."

ಮೇಷ್ಟ್ರು ಗಾಬರಿಯಾಗಿ ಹಿಂದೆ ತಿರುಗಿ, "ಅಮ್ಮಾ, ಸಾಲ್ದು ಅನ್ನಬೇಕು" ಎಂದು ಪಿಸುಗುಟ್ಟಿದರು.

"ನಾನ್ಯಾಕಪ್ಪ ಅನ್ಲಿ? ನಂಗೆ ಸಾಕಾಗೈತೆ" ಎಂದರು ಅತ್ತೆ. ಅದೂ ಮೈಕಿನಲ್ಲೇ.

ಪೆಂಡಾಲು ಬಿದ್ದು ಬಿದ್ದು ನಕ್ಕಿತು, ಹಾಡು ಅಲ್ಲಿಗೇ ಮುಗಿಯಿತು. ಆಮೇಲೆ ಒಂದು ವರ್ಷ ಪೇಟೆಯಲ್ಲಿ ಪುರಿ ಅಳೆಯುವವನೂ ನನ್ನನ್ನು ಕಂಡರೆ ಕೈ ಚಾಚಿ ರಾಗವಾಗಿ "ಸಾಕಾ?" ಎನ್ನುತ್ತಿದ್ದ. "ಸಾಲ್ದು" ಎಂದರೆ ಒಂದು ಹಿಡಿ ಹೆಚ್ಚಿಗೆ ಮಾತ್ರ ಹಾಕುತ್ತಿರಲಿಲ್ಲ.

ಇಬ್ಬರೇ ಶ್ರೋತೃಗಳು

ಕೊರಟಗೆರೆಯಲ್ಲಿ ಒಂದು ಮದುವೆಯ ಆರತಕ್ಷತೆ. ಛತ್ರ ತುಂಬಿತ್ತು. ಮುಂದಿನ ಸಾಲಿನ ಹೆಂಗಸರು ತಾಳ ಹಾಕುತ್ತಿದ್ದರು. ಇವತ್ತು ಬಾಲ ದಡ ಮುಟ್ಟುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಚರಣ ಮುಗಿಸಿ ಬಾಲಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೆಣ್ಣಿನ ಸೋದರಮಾವ ಸ್ಟೇಜಿಗೆ ಹತ್ತಿ ನನ್ನ ಕೈಯಿಂದ ಮೈಕು ಕಿತ್ತುಕೊಂಡು, "ಊಟಕ್ಕೆ ಎಲೆ ಹಾಕೈತೆ, ಎಲ್ಲಾರೂ ಏಳ್ಬೇಕು" ಎಂದ.

ಹತ್ತು ಎಣಿಸುವಷ್ಟರಲ್ಲಿ ಛತ್ರ ಖಾಲಿ. ಹಿಂದೆ ತಿರುಗಿ ನೋಡಿದರೆ ಹಾರ್ಮೋನಿಯಂ ಇತ್ತು, ಹಾರ್ಮೋನಿಯಂನವನಿರಲಿಲ್ಲ. ಅತ್ತೆಯ ಕುರ್ಚಿಯೂ ಖಾಲಿ.

ಉಳಿದದ್ದು ಹೂವಿನ ಮಂಟಪದಲ್ಲಿ ಹಾರ ಹಾಕಿಕೊಂಡು ಕೂತ ಗಂಡು, ಹೆಣ್ಣು ಇಬ್ಬರೇ. ಪಾಪ, ಅವರು ಏಳುವ ಹಾಗಿರಲಿಲ್ಲ. ಇಬ್ಬರಾದರೇನು, ಶ್ರೋತೃಗಳು ಶ್ರೋತೃಗಳೇ ಎಂದುಕೊಂಡು, ಮೈಕಿಲ್ಲದೆಯೇ ಅವರ ಕಡೆ ತಿರುಗಿ ಕೈ ಚಾಚಿ "ಸಾಕಾ?" ಎಂದೆ.

ಗಂಡು ಹೆಣ್ಣಿನ ಮುಖ ನೋಡಿದ. ಹೆಣ್ಣು ಗಂಡಿನ ಮುಖ ನೋಡಿತು. ಆಮೇಲೆ ಅವನು ಬಹಳ ವಿನಯದಿಂದ ಎದ್ದು ನಿಂತು ಕೇಳಿದ: "ಅಕ್ಕಾ, ಹಂಗಾದ್ರೆ ನಾವೂ ಹೋಗ್ಬೋದಾ?"

ಕಾಯಿ ಒಡೆದ ಹಾಡು

ಶಿರಾದ ಕಡ್ಲೆಕಾಯಿ ಮಂಡಿಯಲ್ಲಿ ಹಮಾಲರು ಸೇರಿ ವಾರ್ಷಿಕೋತ್ಸವ ಇಟ್ಟುಕೊಂಡಿದ್ದರು. ಸ್ಟೇಜು ಕಟ್ಟಲು ಮರ ಯಾಕೆ ತರಬೇಕು, ಮೂಟೆ ಇವೆಯಲ್ಲ ಎಂದು ಕಡ್ಲೆಕಾಯಿ ಮೂಟೆಗಳನ್ನೇ ಒತ್ತಾಗಿ ಜೋಡಿಸಿ, ಮೇಲೆ ಹಲಗೆ ಹಾಸಿ, ಜಮಖಾನ ಹೊದಿಸಿದ್ದರು. ನೋಡಲು ಅರಮನೆ.

ಮೊದಲ ಚರಣಕ್ಕೆ ಸ್ಟೇಜು ಸ್ವಲ್ಪ ಮೆತ್ತಗಾದಂತೆ ಅನ್ನಿಸಿತು. ಎರಡನೇ ಚರಣಕ್ಕೆ ಸಾಬರು ಕಾಲು ಜೋರು ಮಾಡಿದರು, ನಾನೂ ಕಾಲು ಕುಟ್ಟಿದೆ. ಕೆಳಗಿನಿಂದ ಚಟಚಟ, ಚಟಚಟ ಎಂದು ಸದ್ದು ಬಂತು. ನಾನು ಜನ ಚಿಟಿಕೆ ಹೊಡೆಯುತ್ತಿದ್ದಾರೆಂದು ಇನ್ನಷ್ಟು ಹುರುಪಿನಿಂದ ಕುಟ್ಟಿದೆ. ಒಂದು ಮೂಟೆಯ ಹೊಲಿಗೆ ಬಿಚ್ಚಿತು. ಕಾಯಿ ಸುರಿಯಿತು. ನಾನು ಹಾಡುತ್ತಾ ಹಾಡುತ್ತಾ ಎಡಗಡೆಗೆ ಇಳಿಯತೊಡಗಿದೆ. ಅತ್ತೆ ಕುರ್ಚಿಯ ಸಮೇತ ಜಾರಿ ಬಂದು ನನ್ನ ಸೆರಗು ಹಿಡಿದುಕೊಂಡರು. ಎದುರಿಗಿದ್ದ ಹೆಂಗಸರು ಉಡಿ ಒಡ್ಡಿ ಮುಂದಕ್ಕೆ ನುಗ್ಗಿದರು. ನನ್ನ ಏಳು ವರ್ಷದಲ್ಲಿ ಜನ ಸ್ಟೇಜಿನ ಕಡೆಗೆ ಓಡಿ ಬಂದದ್ದು ಅದೊಂದೇ ಸಲ.

ಬಾಲಕ್ಕೆ ಇನ್ನೊಂದೇ ಸಾಲು ಇತ್ತು. ಮಂಡಿಯ ಸಾಹುಕಾರರು ಪಂಚೆ ಎತ್ತಿ ಹಿಡಿದು ಓಡಿಬಂದರು. "ನಿಲ್ಸಮ್ಮಾ ತಾಯಿ! ಬಿತ್ತನೆ ಕಾಯಿ ಕಣಮ್ಮಾ ಅದು! ಎಲ್ಲಾ ಒಡ್ದು ಬೀಜ ಆಗ್ತೈತೆ!"

ಮಾರನೆಯ ವರ್ಷ ಅದೇ ಸಾಹುಕಾರರಿಂದ ಮೇಷ್ಟ್ರಿಗೆ ಹೇಳಿಕೆ ಬಂತು. ನಾವು ಬಹಳ ಹಿಗ್ಗಿ ಹೋದೆವು. ಬಂದವನು ಹೇಳಿದ್ದು ಇಷ್ಟೇ: "ಹಾಡೋದೇನೂ ಬ್ಯಾಡ್ವಂತೆ. ಕಾಯಿ ಸುಲಿಯೋ ಮಿಷನ್ನು ಕೆಟ್ಟೋಗೈತೆ. ಆ ಡ್ರಮ್ಮಿನ ಸಾಬರನ್ನೂ ಆಯಮ್ಮನ್ನೂ ಒಂದೆರಡು ದಿನ ಕಳಿಸ್ಬೇಕಂತೆ."

ಒಂದೇ ಸಾಲು

ಪಾವಗಡದ ಕಡೆ ಪೌರಾಣಿಕ ನಾಟಕದ ಹುಚ್ಚು ಬಹಳ. ಅಲ್ಲಿಯ ಪದ್ಧತಿ ಏನೆಂದರೆ, ಪಾತ್ರಧಾರಿ ಪದ್ಯದ ಮೊದಲ ಸಾಲನ್ನು ಚೆನ್ನಾಗಿ ಎಳೆದರೆ ಜನ ಅಲ್ಲೇ "ಒನ್ಸ್ ಮೋರ್" ಎನ್ನುತ್ತಾರೆ, ಅವನು ಅದನ್ನೇ ಮತ್ತೆ ಎಳೆಯಬೇಕು. ಸತ್ತು ಬಿದ್ದ ರಾಕ್ಷಸನೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಾನೆ. ಇದು ನಮಗೆ ಗೊತ್ತಿರಲಿಲ್ಲ. ನಾಟಕಕ್ಕೆ ಮೊದಲು ಅರ್ಧ ಗಂಟೆ ಹಾಡಿ ಎಂದು ಕರೆದಿದ್ದರು.

"ಬಿಸಿಲಿಗೆ ಬೆಟ್ಟ ಕಾದೈತೇ..." ಎಂದು ಎಳೆದೆ.

"ಬಾಗುಂದಮ್ಮಾ! ಒನ್ಸ್ ಮೋರ್!" ಎಂದು ತೆಲುಗಿನಲ್ಲಿ ಭೇಷ್ ಹೇಳುತ್ತಾ ಇಡೀ ಬಯಲು ಎದ್ದು ನಿಂತಿತು.

ಹಿಗ್ಗಿನಿಂದ ಮತ್ತೆ ಎಳೆದೆ. ಮತ್ತೆ ಒನ್ಸ್ ಮೋರ್. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂತು. ಆರನೇ ಸಲಕ್ಕೆ ಮೇಷ್ಟ್ರು "ಬೇಗ ಎರಡನೇ ಸಾಲಿಗೆ ಹಾರಮ್ಮ" ಎಂದರು. ಹಾರಲು ಹೋದೆ. ಜನ ಕೇಕೆ ಹಾಕಿ ಮತ್ತೆ ಮೊದಲ ಸಾಲಿಗೇ ಎಳೆದು ತಂದರು. ಹನ್ನೊಂದು ಸಲ ಬೆಟ್ಟ ಕಾಯಿತು. ನನ್ನ ಎದೆಯ ಸುದ್ದಿಗೆ ಹೋಗಲು ಒಂದು ಸಲವೂ ಬಿಡಲಿಲ್ಲ. ಅಷ್ಟರಲ್ಲಿ ನಾಟಕದ ಗಂಟೆ ಹೊಡೆಯಿತು.

ಕೆಳಗಿಳಿದಾಗ ಪೇಟ ಕಟ್ಟಿದ ಹಿರಿಯರೊಬ್ಬರು ನನ್ನ ತಲೆಯ ಮೇಲೆ ಕೈ ಇಟ್ಟು ಹರಸಿದರು. "ಎಂಥಾ ಸಾಲಮ್ಮಾ! ಜೀವ ತಣ್ಣಗಾಯ್ತು. ಮಿಕ್ಕಿದ್ದು ಮುಂದ್ಲ ವರ್ಸ ಬಂದು ಹಾಡೂವಂತೆ."

ಒಪ್ಪಿಗೆ

ನನಗೆ ಇಪ್ಪತ್ತಾರಾಯಿತು. ಅಪ್ಪನ ನಿದ್ದೆ ಹಾರಿಹೋಯಿತು. ತುಮಕೂರು ಕಡೆಯ ಒಂದು ಸಂಬಂಧ ಬಂತು. ಹುಡುಗ ಜಬಲ್ಪುರದಲ್ಲಿ ರೈಲ್ವೆ ಗುಮಾಸ್ತ. ಆರ್ಕೆಸ್ಟ್ರಾ ವಿಷಯ ಎತ್ತದೆ, "ಹುಡುಗಿ ಸ್ವಲ್ಪ ಹಾಡ್ತಾಳೆ" ಎಂದಷ್ಟೇ ಅಪ್ಪ ಹೇಳಿದ್ದರು. ನೋಡಲು ಬಂದರು. ಅತ್ತೆ ಅಡುಗೆಮನೆಯಲ್ಲಿ ನನ್ನ ಕಿವಿ ಹಿಂಡಿ, "ಒಂದು ದೇವರನಾಮ ಹೇಳಿ ಎದ್ದು ಬಾ. ಕಾಲು ಕುಟ್ಟಿದ್ರೆ ಮುರೀತೀನಿ" ಎಂದರು.

ಹುಡುಗನ ತಾಯಿ, "ಒಂದು ಹಾಡು ಹೇಳಮ್ಮ" ಎಂದರು.

ನಾನು ನೋಡಿದೆ. ಎಂಟು ಜನ. ಎಲ್ಲರ ಕೈಯಲ್ಲೂ ಉಪ್ಪಿಟ್ಟಿನ ತಟ್ಟೆ. ಊಟಕ್ಕೆ ಎದ್ದು ಹೋಗುವ ಹಾಗಿಲ್ಲ. ಒನ್ಸ್ ಮೋರ್ ಎನ್ನುವವರ ಹಾಗೆ ಕಾಣಲಿಲ್ಲ. ಕೆಳಗಡೆ ಗಟ್ಟಿ ಗಾರೆ ನೆಲ. ಇಂಥ ಸಭೆ ಇನ್ನೆಲ್ಲಿ ಸಿಗಬೇಕು?

"ಬಿಸಿಲಿಗೆ ಬೆಟ್ಟ ಕಾದೈತೆ..."

ಅಪ್ಪ ಕಣ್ಣು ಮುಚ್ಚಿಕೊಂಡರು. ಎರಡನೇ ಸಾಲಿಗೆ ಕಾಲು ತಾನೇ ಎದ್ದಿತು. ಹುಡುಗನ ತಂದೆಯ ಕಾಫಿ ಲೋಟ ಸ್ಟೂಲಿನ ಮೇಲೆ ಕುಣಿದು ಅಂಚಿಗೆ ಬಂತು. "ಚೆನ್ನಾಗೈತಮ್ಮ, ಆಯ್ತಮ್ಮ" ಎಂದರು ತಾಯಿ. ಆಯಿತು ಎನ್ನಲು ಅವರ್ಯಾರು? ಎರಡನೇ ಚರಣ ಮುಗಿಸಿ, ಕುರ್ಚಿಯಿಂದ ಎದ್ದು, ಕೈ ಚಾಚಿ "ಸಾಕಾ?" ಎಂದೆ.

ಹುಡುಗನ ತಂದೆ ದಡಕ್ಕನೆ ಎದ್ದರು. "ಒಪ್ಪಿಗೆ! ಹುಡುಗಿ ನಮಗೆ ಒಪ್ಪಿಗೆ! ಕೂತ್ಕೊಳ್ಳಮ್ಮ, ಕೂತ್ಕೋ. ಎಲ್ರೀ ತಾಂಬೂಲ?"

ಊರಿಗೆ ಹೋಗಿ ಕಾಗದ ಬರೆಯುವುದು ಪದ್ಧತಿ. ಹೀಗೆ ನಿಂತ ನಿಲುವಿನಲ್ಲಿ ಒಪ್ಪಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ಆನಂದಬಾಷ್ಪ ಸುರಿಸಿದರು. ನಾನು ಒಪ್ಪಿದ ಕಾರಣ ಬೇರೆ. ಹುಡುಗ ತಲೆ ತಗ್ಗಿಸಿ ಕೂತಿದ್ದರೂ ಬೆಂಚಿನ ಕೆಳಗೆ ಅವರ ಕಾಲ ಹೆಬ್ಬೆರಳು ತಾಳ ಹಾಕುತ್ತಿದ್ದದ್ದನ್ನು ನಾನು ನೋಡಿದ್ದೆ. ಮದುವೆಯಾಗಿ ಎಷ್ಟೋ ದಿನದ ಮೇಲೆ ಅವರನ್ನು ಕೇಳಿದೆ, ಮಾವನವರು ಅಷ್ಟು ಬೇಗ ಯಾಕೆ ಒಪ್ಪಿದರು ಎಂದು.

"ದಾರೀಲಿ ಅಮ್ಮ ಕೇಳಿದ್ಲು" ಎಂದರು. "ಅಪ್ಪ ಅಂದ್ರು, ಒಪ್ಪದೇ ಇದ್ದಿದ್ರೆ ಇನ್ನೊಂದು ಹೇಳ್ತಿದ್ಲು ಕಣೇ."

ಕಾಗೆ

ಮದುವೆಗೆ ಹದಿನೈದು ದಿನವಿತ್ತು. ಆಮೇಲೆ ಜಬಲ್ಪುರ. ಅಲ್ಲಿಗೆ ಮೇಷ್ಟ್ರೂ ಬರುವುದಿಲ್ಲ, ಸಾಬರ ಕಾಲೂ ಬರುವುದಿಲ್ಲ. ಬಾಲ ಹಾಡದೆಯೇ ಊರು ಬಿಡಬೇಕಲ್ಲ ಎಂದು ನಾನು ಮುಖ ಊದಿಸಿಕೊಂಡು ಕೂತಿದ್ದಾಗ ದೊಡ್ಡೇರಿ ಕಡೆಯ ಹಳ್ಳಿಯಿಂದ ಅಣ್ಣತಮ್ಮ ಇಬ್ಬರು ಮೇಷ್ಟ್ರನ್ನು ಹುಡುಕಿಕೊಂಡು ಬಂದರು. ಅವರ ತಂದೆ ತೀರಿಕೊಂಡಿದ್ದರು.

"ನಮ್ಮಪ್ಪನ ಹನ್ನೊಂದ್ನೇ ದಿನಕ್ಕೆ ನಿಮ್ಮ ಪಾರ್ಟಿ ಬರ್ಬೇಕು ಮೇಷ್ಟ್ರೇ."

"ತಿಥಿಗೆ ಆರ್ಕೆಸ್ಟ್ರಾನಾ?"

ಅಣ್ಣ ಬಿಡಿಸಿ ಹೇಳಿದ. ಹನ್ನೊಂದನೇ ದಿನ ಸಮಾಧಿಯ ಮುಂದೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ಸತ್ತವರು ಕಾಗೆಯಾಗಿ ಬಂದು ಅದನ್ನು ಮುಟ್ಟಬೇಕು. ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ, ಎದ್ದು ಹೋಗುವಂತಿಲ್ಲ. ಹೋದ ವರ್ಷ ಪಕ್ಕದ ಮನೆಯ ಅಜ್ಜನ ದಿನದಂದು ಕಾಗೆ ಎರಡು ಗಂಟೆ ಹೊತ್ತು ಬಂದಿರಲಿಲ್ಲ. "ಪಾಯಸ ಕೆನೆ ಕಟ್ತು. ಮಕ್ಳು ಚೆನ್ನಾಗಿ ನೋಡ್ಕಂಡಿಲ್ಲ ಅಂತ ಊರೆಲ್ಲ ಆಡ್ಕಂತು. ಇವತ್ಗೂ ಆ ಮನೆಯೋರು ತಲೆ ಎತ್ತಂಗಿಲ್ಲ. ನಮ್ಮಪ್ಪಂಗೆ ಪದ ಅಂದ್ರೆ ಪ್ರಾಣ. ಪದ ಕೇಳುದ್ರೆ ಓಡ್ಬಂದ್ಬುಡ್ತಾನೆ."

ಅತ್ತೆ ಕೆಂಡವಾದರು. "ಮದ್ವೆ ಗೊತ್ತಾಗಿರೋ ಹುಡುಗಿ ಸಮಾಧಿ ಮುಂದೆ ಕುಣಿಯೋದಾ? ಬೀಗರಿಗೆ ಗೊತ್ತಾಗಿ ಬಂದ್ಬುಟ್ರೆ?"

"ನಾನು ಹಾಡ್ತೀನಿ ಅಂತ ಗೊತ್ತಾದ್ರೆ ಅವರು ಬರ್ತಾರಾ ಅತ್ತೆ? ಹೆದ್ರಬೇಡ" ಎಂದೆ. ಅತ್ತೆಗೆ ಅದು ಸರಿ ಕಂಡಿತು.

ಮಟಮಟ ಮಧ್ಯಾಹ್ನ. ಹೊಲದ ನಡುವೆ ಹೊಂಗೆ ಮರ, ಮರದ ಕೆಳಗೆ ಸಮಾಧಿ, ಸಮಾಧಿಯ ಮುಂದೆ ಬಾಳೆ ಎಲೆಯಲ್ಲಿ ಮುದ್ದೆ, ಸಾರು, ವಡೆ, ಪಾಯಸ, ಒಂದು ಕಟ್ಟು ಬೀಡಿ. ಪೆಂಡಾಲಿನಲ್ಲಿ ಇನ್ನೂರು ಜನ, ಎಲ್ಲರ ಕಣ್ಣೂ ಎಲೆಯ ಮೇಲೆ. ಹಿಂದಿನಿಂದ ವಡೆ ಕರಿದ ವಾಸನೆ. ಹೊಂಗೆ ಮರದಲ್ಲಿ ಏಳೆಂಟು ಕಾಗೆ ಕೂತು ನೋಡುತ್ತಿದ್ದವು.

ನಾವು ಮರ್ಯಾದೆಯಿಂದ ಎರಡು ಭಜನೆ ಪದ ಮೆತ್ತಗೆ ಹಾಡಿದೆವು. ಒಂದು ಕಾಗೆ ಒಂದು ಕೊಂಬೆ ಕೆಳಗಿಳಿಯಿತು. ದೊಡ್ಡ ಮಗನಿಗೆ ತಾಳ್ಮೆ ಸಾಲಲಿಲ್ಲ. "ಇಂಗಲ್ಲ ಕಣಮ್ಮ, ಜೋರಾಗಿ ಬುಡಿ! ನಮ್ಮಪ್ಪಂಗೆ ಕಿವಿ ಮಂದ!"

ಜೋರಿನ ಹಾಡು ನಮ್ಮಲ್ಲಿ ಇದ್ದದ್ದು ಒಂದೇ. ಮೇಷ್ಟ್ರು ನನ್ನ ಮುಖ ನೋಡಿದರು. ಸಾಬರು "ಬಿಸ್ಮಿಲ್ಲಾ" ಎಂದು ಪೆಡಲು ತುಳಿದರು. ಧಡ್ ಎಂದ ಮೊದಲ ಪೆಟ್ಟಿಗೇ ಕಾಗೆಗಳೆಲ್ಲ ಎದ್ದು ಬಾವಿಯ ಆಚೆಯ ಬೇವಿನ ಮರಕ್ಕೆ ಹೋದವು ಎಂದು ಆಮೇಲೆ ತಿಳಿಯಿತು. ಜನರ ಕಣ್ಣು ಎಲೆಯ ಮೇಲಿತ್ತು, ನನ್ನ ಕಣ್ಣು ಮುಚ್ಚಿತ್ತು. ಯಾರು ನೋಡಿದರು?

ಮೊದಲ ಚರಣ ಮುಗಿಯಿತು. ಎರಡನೆಯದೂ ಮುಗಿಯಿತು. ಕೈ ಚಾಚಿ "ಸಾಕಾ?" ಎಂದೆ.

"ಸಾಕೂ!" ಎಂದರು ಇನ್ನೂರು ಜನ ಒಕ್ಕೊರಲಿನಿಂದ. ಹಸಿದಿದ್ದರು.

ದೊಡ್ಡ ಮಗ ಎಗರಿ ಬಿದ್ದ. "ಯಾವನ್ಲಾ ಅದು ಸಾಕು ಅಂದೋನು? ಕಾಗೆ ಬಂದೈತಾ? ಸಾಲ್ದು ಅನ್ರಲಾ!"

ಮತ್ತೆ ಕೇಳಿದೆ. "ಸಾಲ್ದು..." ಎಂದು ಒಂದು ನರಳಿಕೆ ಬಂತು. ನನಗೆ ಮೈ ಜುಮ್ಮೆಂದಿತು. ಏಳು ವರ್ಷದಲ್ಲಿ ಮೊದಲ ಸಲ ಸಾಲದು ಎಂದ ಸಭೆ! ಮತ್ತೆ ಕೇಳಿದೆ, ಮತ್ತೆ ಹೇಳಿದರು. ಸುತ್ತು ಏರಿತು. ಸಾಬರ ಕಾಲು ಇಡೀ ತಾಲ್ಲೂಕಿಗೆ ಅಂಗಿ ಹೊಲಿಯುವಂತೆ ಓಡಿತು. ಮೇಷ್ಟ್ರು ಕನ್ನಡಕ ಜಾರಿ ಬಿದ್ದರೂ ಎತ್ತಿಕೊಳ್ಳಲಿಲ್ಲ. ಜನ ಹಸಿವಿಗೆ ಕೂಗಿದರೋ, ಸಿಟ್ಟಿಗೆ ಕೂಗಿದರೋ, ಒಟ್ಟಿನಲ್ಲಿ ಎದೆ ಬಿರಿಯ ಕೂಗಿದರು. ಇಪ್ಪತ್ತನೇ ಸುತ್ತಿಗೆ ನನ್ನ ಬೆನ್ನ ಹಿಂದಿನಿಂದಲೂ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ, ಒಂದು ದನಿ "ಸಾಲ್ದು ಕಣೇ!" ಎಂದಿತು. ಅತ್ತೆ!

ಮುಕ್ಕಾಲು ಗಂಟೆ ಹಾಡಿದೆ. ಇನ್ನು ಒಂದು ಸುತ್ತಿಗೂ ಉಸಿರಿಲ್ಲ ಎನ್ನಿಸಿದಾಗ ಕೈ ಎತ್ತಿದೆ. ಎಲ್ಲವೂ ಗಕ್ಕನೆ ನಿಂತಿತು. ಸಾಬರ ಕಾಲೂ ನಿಂತಿತು. ಒಂದು ಉಸಿರಿನ ಮೌನ. ಸಾಬರು ಕೊನೆಯ ಪೆಟ್ಟಿಗೆ ಕೋಲು ಎತ್ತಿದರು.

ಪಟಪಟ ಎಂದು ರೆಕ್ಕೆ ಬಡಿದು ಕಾಗೆಯೊಂದು ಎಲೆಯ ಮುಂದೆ ಇಳಿಯಿತು.

ಇನ್ನೂರು ಜನ ಉಸಿರು ಹಿಡಿದರು. ಸಾಬರ ಕೋಲು ಗಾಳಿಯಲ್ಲೇ ನಿಂತಿತು. ದೊಡ್ಡ ಮಗ ಕೈ ಮುಗಿದ, ಕಾಗೆಗಲ್ಲ, ಸಾಬರಿಗೆ. ಕಾಗೆ ಕೋಲನ್ನು ನೋಡಿತು, ನನ್ನನ್ನು ನೋಡಿತು, ಒಂದು ವಡೆ ಕಚ್ಚಿಕೊಂಡು ಹಾರಿತು. "ಬಂದಾ! ಅಪ್ಪ ಬಂದಾ!" ಎಂದು 'ಹೋ' ಎಂಬ ಕೂಗೆದ್ದಿತು, ಜನ ಪಂಕ್ತಿಗೆ ಓಡಿದರು. ಸಾಬರು ಕೋಲನ್ನು ಮೆತ್ತಗೆ ಕೆಳಗಿಟ್ಟರು. ಕೊನೆಯ ಪೆಟ್ಟು ಬೀಳಲೇ ಇಲ್ಲ. ಅದು ಸಾಬರ ಪಾಲಿನದು. ನನ್ನ ಪಾಲಿನದನ್ನು ನಾನು ಬಾಲದ ಸಮೇತ, ಜನರ ಮುಂದೆ, ಪೂರ್ತಿ ಹಾಡಿದ್ದೆ.

ಹೆಮ್ಮೆಯಿಂದ ಊಟಕ್ಕೆ ಹೊರಟೆ. ಸತ್ತ ಯಜಮಾನರ ಹೆಂಡತಿ, ಹಣ್ಣು ಹಣ್ಣು ಮುದುಕಿ, ಕಂಬಕ್ಕೆ ಒರಗಿ ಕೂತಿದ್ದವಳು ನನ್ನ ಕೈ ಹಿಡಿದು ಪಕ್ಕ ಕೂರಿಸಿಕೊಂಡಳು. ಕಣ್ಣೊರೆಸಿಕೊಂಡು ಹೇಳಿದಳು:

"ಕಿವಿ ಮಂದ ಅಂತಾವೆ ಇವು. ಎಲ್ಲಾ ಚೆಂದಾಗೇ ಕೇಳ್ತಿತ್ತು ಕಣವ್ವಾ ಅವನಿಗೆ. ಬದುಕಿದ್ದಾಗ್ಲೂ ಇಂಗೇಯ. ಮನೇಲಿ ಗದ್ಲ ನಿಲ್ಲೋಗಂಟ ಉಣ್ಣಕ್ಕೆ ಕೂರ್ತಿರ್ಲಿಲ್ಲ."

ನನ್ನ ಕೈ ಈಗ ನಡುಗುತ್ತದೆ, ಈ ಕೊನೆಯ ಪುಟ ಮೊಮ್ಮಗಳ ಅಕ್ಷರ. ಇಲ್ಲಿಗೆ ಬಂದವಳು ಪೆನ್ನು ನಿಲ್ಲಿಸಿ, "ಅಜ್ಜಿ, ಆ ಮುದುಕಿ ಹೇಳಿದ್ದನ್ನ ಬಿಟ್ಟುಬಿಡೋಣ. ನಿನ್ನ ಹಾಡು ಕೇಳಿ ಕಾಗೆ ಬಂತು ಅಂತಲೇ ಇರ್ಲಿ" ಎಂದಳು.

"ಲೇ, ಆ ಹಾಡನ್ನ ಕೊನೇವರೆಗೂ ಕೇಳಿ ಅಭಿಪ್ರಾಯ ಹೇಳಿದವಳು ಅವಳೊಬ್ಬಳೇ" ಎಂದೆ. "ಅದನ್ನ ಮೊದ್ಲು ಬರ್ಕೋ."